ಅರೆಸ್ಟ್ ಆದ ಮೇಲೆ: ಮೈಸೂರು, ಮಂಡ್ಯದಲ್ಲಿ ಠಾಣೆಯಿಂದ ಜಾಮೀನಿನವರೆಗೆ ಏನೇನು ನಡೆಯುತ್ತದೆ

ಮನೆಯ ಹುಡುಗನನ್ನು ಪೊಲೀಸರು ಕರೆದುಕೊಂಡು ಹೋದರೆಂಬ ಸುದ್ದಿ ಕಿವಿಗೆ ಬಿದ್ದ ಕೂಡಲೇ ನಮ್ಮ ಕಡೆ ಶುರುವಾಗುವುದು ಫೋನಿನ ಓಡಾಟ. ಮಾಜಿ ಕಾರ್ಪೊರೇಟರ್‌ಗೆ ಒಂದು, ಶಾಸಕರ ಪಿಎಗೆ ಒಂದು, ಸೋದರಮಾವನ ಪರಿಚಯದ ಹೆಡ್ ಕಾನ್‌ಸ್ಟೆಬಲ್‌ಗೆ ಇನ್ನೊಂದು. ಈ ಫೋನುಗಳಲ್ಲೇ ಮೊದಲ ದಿನ ಕಳೆದುಹೋಗುತ್ತದೆ. ಅಷ್ಟರಲ್ಲಿ ಠಾಣೆಯಲ್ಲಿ ದಸ್ತಗಿರಿ ಮೆಮೊ ಸಿದ್ಧವಾಗಿರುತ್ತದೆ, ವೈದ್ಯಕೀಯ ತಪಾಸಣೆ ಮುಗಿದಿರುತ್ತದೆ, ರಿಮ್ಯಾಂಡ್ ಅರ್ಜಿ, ಅಂದರೆ ಬಂಧನ ಮುಂದುವರಿಸಲು ಕೋರ್ಟನ್ನು ಕೇಳುವ ಅರ್ಜಿ ಟೈಪ್ ಆಗಿರುತ್ತದೆ. ಮುಂದೆ ಜಾಮೀನಿನ ವಾದ ನಡೆಯುವುದು ಈ ಕಾಗದಗಳ ಮೇಲೆಯೇ. ಆದ್ದರಿಂದ ಯಾವ ಕಾಗದ ಯಾರ ಕೈಯಲ್ಲಿರುತ್ತದೆ, ಅದನ್ನು ಯಾವಾಗ ಕೇಳಬೇಕು ಎಂಬುದು ಮನೆಯವರಿಗೆ ಗೊತ್ತಿರಲೇಬೇಕು. ಯಾವ ಪ್ರಭಾವಿ ವ್ಯಕ್ತಿಯ ಫೋನೂ ಆ ತಿಳಿವಳಿಕೆಗೆ ಬದಲಿಯಾಗುವುದಿಲ್ಲ.

2024ರ ಜುಲೈ 1ರಿಂದ, ಅರೆಸ್ಟು, ತನಿಖೆ, ಜಾಮೀನಿನ ವಿಧಾನ ಹೇಳುವ ಹಳೆಯ ಸಿಆರ್‌ಪಿಸಿ ಬದಲಿಗೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಅಂದರೆ ಬಿಎನ್‌ಎಸ್‌ಎಸ್ ಜಾರಿಯಲ್ಲಿದೆ. ಅಪರಾಧ, ಶಿಕ್ಷೆಗಳನ್ನು ಹೇಳುವ ಐಪಿಸಿಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ, ಅಂದರೆ ಬಿಎನ್‌ಎಸ್ ಬಂದಿದೆ. ಕೆಳಗೆ ಹೇಳುವ ಕಲಂಗಳೆಲ್ಲ ಹೊಸ ಸಂಖ್ಯೆಯವು. ಠಾಣೆಯಲ್ಲಿ ಇನ್ನೂ ಕೆಲವರು '41ಎ ನೋಟಿಸ್', '151' ಎಂದೇ ಹೇಳುತ್ತಾರೆ. ಅವು ಈಗ 35(3) ಮತ್ತು 170.

ಮೊದಲು ಯಾವ ಠಾಣೆ ಎಂದು ಪತ್ತೆಮಾಡಿ

ಮೈಸೂರಿನಲ್ಲಿ ಎರಡು ಪೊಲೀಸ್ ಆಡಳಿತಗಳಿವೆ. ನಗರದ ಠಾಣೆಗಳು ಪೊಲೀಸ್ ಕಮಿಷನರ್ ಕೆಳಗೆ ಬರುತ್ತವೆ: ದೇವರಾಜ, ಲಷ್ಕರ್, ಮಂಡಿ, ನಜರ್‌ಬಾದ್, ಉದಯಗಿರಿ, ಕುವೆಂಪುನಗರ, ಸರಸ್ವತಿಪುರಂ, ವಿಜಯನಗರ, ಮೇಟಗಳ್ಳಿ ಇತ್ಯಾದಿ. ಅಲ್ಲಿ ಇನ್‌ಸ್ಪೆಕ್ಟರ್ ಮೇಲೆ ಎಸಿಪಿ, ಅವರ ಮೇಲೆ ಡಿಸಿಪಿ. ನಂಜನಗೂಡು, ಹುಣಸೂರು, ತಿ.ನರಸೀಪುರ, ಪಿರಿಯಾಪಟ್ಟಣದಂಥ ಊರುಗಳ ಠಾಣೆಗಳೂ ನಗರದ ಸುತ್ತಲಿನ ಗ್ರಾಮಾಂತರ ಠಾಣೆಗಳೂ ಜಿಲ್ಲಾ ಎಸ್‌ಪಿ ಕೆಳಗೆ. ಅಲ್ಲಿ ಇನ್‌ಸ್ಪೆಕ್ಟರ್ ಮೇಲಿನವರು ಡಿವೈಎಸ್‌ಪಿ. ಮಂಡ್ಯದಲ್ಲಿ ಕಮಿಷನರೇಟ್ ಇಲ್ಲ, ಇಡೀ ಜಿಲ್ಲೆಗೆ ಒಬ್ಬರೇ ಎಸ್‌ಪಿ.

ಈ ಗಡಿ ಗೊತ್ತಿಲ್ಲದೆ ಜನ ಅರ್ಧ ದಿನ ಕಳೆದುಕೊಳ್ಳುತ್ತಾರೆ. ರಿಂಗ್ ರಸ್ತೆಯ ಆಸುಪಾಸಿನ ಬಡಾವಣೆಗಳಲ್ಲಿ ಕೆಲವು ನಗರ ಠಾಣೆಗೆ, ಕೆಲವು ಜಿಲ್ಲಾ ಪೊಲೀಸರಿಗೆ ಸೇರಿವೆ. ಮೈಸೂರಿನವರು ಸಂಜೆ ಹೊತ್ತು ಹೋಗಿ ಬರುವ ಕೆಆರ್‌ಎಸ್ ಮತ್ತು ಬೆಳಗೊಳ ಗ್ರಾಮ ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ ತಾಲ್ಲೂಕಿನಲ್ಲಿವೆ. ಅಲ್ಲಿ ಗಲಾಟೆಯಾಗಿ ಅರೆಸ್ಟ್ ಆದರೆ ಎಸ್‌ಪಿ ಕಚೇರಿ ಮಂಡ್ಯದ್ದು, ಕೋರ್ಟ್ ಶ್ರೀರಂಗಪಟ್ಟಣದ್ದು. ಮೈಸೂರಿನ ಠಾಣೆಗಳನ್ನು ಸುತ್ತಿ ಫಲವಿಲ್ಲ. ರೈಲು ನಿಲ್ದಾಣದಲ್ಲಿ ಹಿಡಿದಿದ್ದರೆ ರೈಲ್ವೆ ಪೊಲೀಸ್ ಠಾಣೆಯಲ್ಲಿ ವಿಚಾರಿಸಬೇಕು. ಆನ್‌ಲೈನ್ ವಂಚನೆ, ಗಾಂಜಾ ಪ್ರಕರಣವಾದರೆ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಠಾಣೆಯಲ್ಲೂ ಕೇಳಿ. ನಗರದಲ್ಲಿ ಸಿಸಿಬಿಯವರು (ಅಪರಾಧ ಪತ್ತೆಯ ವಿಶೇಷ ವಿಭಾಗದವರು) ಕರೆದೊಯ್ದಿದ್ದರೆ ಕೇಸು ದಾಖಲಾಗಿರುವುದು ಯಾವ ಠಾಣೆಯಲ್ಲಿ ಎಂದು ಬೇರೆಯೇ ಕೇಳಬೇಕು.

ಬಿಎನ್‌ಎಸ್‌ಎಸ್ ಕಲಂ 37 ಇಲ್ಲಿ ಉಪಯೋಗಕ್ಕೆ ಬರುತ್ತದೆ. ಪ್ರತಿ ಜಿಲ್ಲೆಯಲ್ಲೂ ಪ್ರತಿ ಠಾಣೆಯಲ್ಲೂ ಎಎಸ್‌ಐ ದರ್ಜೆಗಿಂತ ಕಡಿಮೆಯಲ್ಲದ ಒಬ್ಬ ನಿಯೋಜಿತ ಅಧಿಕಾರಿ ಇರಬೇಕು. ಅರೆಸ್ಟ್ ಆದವರ ಹೆಸರು, ವಿಳಾಸ, ಯಾವ ಅಪರಾಧ ಎಂಬ ವಿವರ ಅವರ ಬಳಿ ಇರಬೇಕು. ಅದನ್ನು ಠಾಣೆಯಲ್ಲೂ ಜಿಲ್ಲಾ ಕೇಂದ್ರದಲ್ಲೂ ಎದ್ದು ಕಾಣುವಂತೆ ಪ್ರದರ್ಶಿಸಬೇಕು. 'ಇಲ್ಲಿ ಅಂಥವರು ಯಾರೂ ಇಲ್ಲ' ಎಂಬ ಉತ್ತರ ಬಂದರೆ ನಿಯೋಜಿತ ಅಧಿಕಾರಿ ಯಾರೆಂದು ಕೇಳಿ, ಜಿಲ್ಲಾ ಕಂಟ್ರೋಲ್ ರೂಮಿನಲ್ಲೂ ವಿಚಾರಿಸಿ.

ಠಾಣೆಯೊಳಗೆ ಯಾರನ್ನು ಮಾತನಾಡಿಸಬೇಕು ಎಂಬುದಕ್ಕೆ ಭುಜದ ಪಟ್ಟಿ ನೋಡಿದರೆ ಸಾಕು. ಒಂದು ನಕ್ಷತ್ರ, ಕೆಂಪು ನೀಲಿ ರಿಬ್ಬನ್ ಇದ್ದರೆ ಎಎಸ್‌ಐ. ಎರಡಿದ್ದರೆ ಪಿಎಸ್‌ಐ, ಮೂರಿದ್ದರೆ ಇನ್‌ಸ್ಪೆಕ್ಟರ್. ರಿಬ್ಬನ್ ಇಲ್ಲದ ಮೂರು ನಕ್ಷತ್ರ ಎಂದರೆ ಎಸಿಪಿ ಅಥವಾ ಡಿವೈಎಸ್‌ಪಿ. ಕಾಗದಪತ್ರದ ಕೆಲಸವೆಲ್ಲ ಠಾಣೆಯ ರೈಟರ್ ಕೈಯಲ್ಲಿರುತ್ತದೆ. ಕೋರ್ಟಿಗೆ ಕಡತ ಒಯ್ಯುವವರನ್ನು ಕೋರ್ಟ್ ಪಿಸಿ ಎನ್ನುತ್ತಾರೆ. ಆದರೆ ನಿಮ್ಮ ಕೇಸಿಗೆ ಉತ್ತರದಾಯಿ ತನಿಖಾಧಿಕಾರಿ, ಅಂದರೆ ಐಒ. 'ಸಾಹೇಬ್ರು ರೌಂಡ್ಸಲ್ಲಿದ್ದಾರೆ, ಆಮೇಲೆ ಬನ್ನಿ' ಎಂದರೂ ವಾಪಸ್ ಬರುವ ಮುನ್ನ ಇಷ್ಟು ಕೇಳಿ: 'ಸರ್, ಕ್ರೈಂ ನಂಬರ್ ಎಷ್ಟು? ಯಾವ ಸೆಕ್ಷನ್ ಹಾಕಿದ್ದೀರಿ? ಐಒ ಯಾರು? ಎಷ್ಟು ಹೊತ್ತಿಗೆ ದಸ್ತಗಿರಿ ಮಾಡಿದ್ದು? ಯಾವ ಕೋರ್ಟಿಗೆ ಹಾಜರುಪಡಿಸ್ತೀರಿ?' ಐದೂ ಉತ್ತರ ಬರೆದುಕೊಳ್ಳಿ. ದನಿ ಏರಿಸಬೇಡಿ. ಠಾಣೆಯಲ್ಲಿ ಕೂಗಾಡಿದರೆ ಕರ್ತವ್ಯಕ್ಕೆ ಅಡ್ಡಿ ಎಂಬ ಇನ್ನೊಂದು ಕೇಸು ಮನೆಯವರ ಮೇಲೇ ಬರುವ ಅಪಾಯವಿದೆ.

ಅರೆಸ್ಟೋ, ನೋಟಿಸೋ, ಬರೀ 'ವಿಚಾರಣೆ'ಯೋ

ಠಾಣೆಗೆ ಕರೆದೊಯ್ದ ಎಲ್ಲರೂ ಕಾಗದದ ಮೇಲೆ ಅರೆಸ್ಟ್ ಆಗಿರುವುದಿಲ್ಲ. ಏಳು ವರ್ಷದವರೆಗೆ ಶಿಕ್ಷೆಯಿರುವ ಅಪರಾಧಗಳಲ್ಲಿ ಪೊಲೀಸರು ಅರೆಸ್ಟ್ ಏಕೆ ಅಗತ್ಯ ಎಂಬ ಕಾರಣವನ್ನು ಬರೆದಿಡಬೇಕು. ಅಗತ್ಯವಿಲ್ಲದಿದ್ದರೆ ಕಲಂ 35(3)ರ ನೋಟಿಸ್ ಕೊಟ್ಟು ಹಾಜರಾಗಲು ಹೇಳಬೇಕು. 2014ರ ಅರ್ನೇಶ್ ಕುಮಾರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಡಾಖಂಡಿತವಾಗಿ ಹೇಳಿದೆ. ನೋಟಿಸಿನಂತೆ ಹಾಜರಾಗುತ್ತಿರುವವರನ್ನು ಕಾರಣ ದಾಖಲಿಸದೆ ಅರೆಸ್ಟ್ ಮಾಡುವಂತಿಲ್ಲ. ಈ ನೋಟಿಸನ್ನು ವಾಟ್ಸಾಪ್‌ನಲ್ಲಿ ಕಳಿಸಿದರೆ ಕೊಟ್ಟಂತಾಗುವುದಿಲ್ಲ ಎಂದು 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹಾಗೆಂದು ವಾಟ್ಸಾಪ್‌ನಲ್ಲಿ ಬಂದದ್ದನ್ನು ನೋಡಿಯೂ ಸುಮ್ಮನಿರಬೇಡಿ. ವಕೀಲರ ಮೂಲಕ ಲಿಖಿತ ಉತ್ತರ ಕೊಟ್ಟು ಹಾಜರಾದರೆ ನಿಮ್ಮ ನಿಲುವೇ ಗಟ್ಟಿಯಾಗುತ್ತದೆ. ಹಾಜರಾದ ದಿನ, ಹೊತ್ತಿಗೆ ಸ್ವೀಕೃತಿ ಪಡೆಯಿರಿ.

ಅರವತ್ತು ದಾಟಿದವರು ಅಥವಾ ಅಶಕ್ತರ ಮೇಲೆ ಮೂರು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಆರೋಪವಿದ್ದರೆ ಡಿವೈಎಸ್‌ಪಿ ದರ್ಜೆಗಿಂತ ಕಡಿಮೆಯಲ್ಲದ ಅಧಿಕಾರಿಯ ಪೂರ್ವಾನುಮತಿ ಬೇಕು. ಇದು 35(7). ಸಾಕ್ಷಿ ಹೇಳಲು ಕರೆಯುವುದಾದರೆ ಹೆಂಗಸರನ್ನು, ಹದಿನೈದರ ಒಳಗಿನ ಹುಡುಗರನ್ನು, ಅರವತ್ತು ದಾಟಿದ ಗಂಡಸರನ್ನು, ಅಂಗವಿಕಲರನ್ನು, ತೀವ್ರ ಕಾಯಿಲೆಯವರನ್ನು ಠಾಣೆಗೆ ಬರಲೇಬೇಕೆಂದು ಒತ್ತಾಯಿಸುವಂತಿಲ್ಲ. ಅವರಿರುವಲ್ಲಿಗೇ ಪೊಲೀಸರು ಹೋಗಬೇಕು.

ಅಪರಾಧ ನಡೆಯದಂತೆ ತಡೆಯಲು ಮುನ್ನೆಚ್ಚರಿಕೆಯಾಗಿ ಹಿಡಿಯುವುದು ಕಲಂ 170. ಹಬ್ಬದ ಮೆರವಣಿಗೆ, ಪ್ರತಿಭಟನೆಯ ಹೊತ್ತಿನಲ್ಲಿ ಇದು ಹೆಚ್ಚು. ಬೇರೆ ಕೇಸಿಲ್ಲದಿದ್ದರೆ 24 ಗಂಟೆಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ.

ನಿಜವಾದ ತೊಂದರೆ ಇರುವುದು 'ಬರೀ ವಿಚಾರಣೆ' ಎಂಬ ಸ್ಥಿತಿಯಲ್ಲಿ. ಬೆಳಿಗ್ಗೆ ಹತ್ತಕ್ಕೆ ಮನೆಯಿಂದ ಕರೆದೊಯ್ದಿರುತ್ತಾರೆ. ದಸ್ತಗಿರಿ ಮೆಮೊದಲ್ಲಿ ಮರುದಿನ ಸಂಜೆಯ ಹೊತ್ತು ಬಿದ್ದಿರುತ್ತದೆ. ಸಂವಿಧಾನದ 22ನೇ ವಿಧಿಯ 24 ಗಂಟೆಯ ಲೆಕ್ಕ ಹೀಗೆ ಒಂದೂವರೆ ದಿನ ಮುಂದಕ್ಕೆ ಜಾರುತ್ತದೆ. ಇದನ್ನು ತಡೆಯುವ ದಾರಿ ಕರೆದೊಯ್ದ ಹೊತ್ತಿಗೆ ದಾಖಲೆ ಮಾಡಿಡುವುದು. ಕೂಡಲೇ 112ಕ್ಕೆ ಕರೆ ಮಾಡಿ, ಹೆಸರು, ಹೊತ್ತು, ಬಂದ ವಾಹನದ ಸಂಖ್ಯೆ, ಕರೆದೊಯ್ದವರು ಯಾವ ಠಾಣೆಯವರೆಂದು ಹೇಳಿದರು ಎಂಬುದನ್ನು ತಿಳಿಸಿ. ಅದೇ ವಿವರವನ್ನು ಕಮಿಷನರ್ ಅಥವಾ ಎಸ್‌ಪಿ ಕಚೇರಿಗೆ ಇಮೇಲ್ ಮಾಡಿ. ಮನೆ ಎದುರಿನ ಅಂಗಡಿಯ ಸಿಸಿಟಿವಿಯಲ್ಲಿ ದೃಶ್ಯ ಇದ್ದರೆ ಅಂದೇ ನಕಲು ಇಸಿದುಕೊಳ್ಳಿ, ಅಂಗಡಿಗಳ ಕ್ಯಾಮೆರಾಗಳಲ್ಲಿ ಹಳೆಯ ದೃಶ್ಯ ಬೇಗ ಅಳಿಸಿಹೋಗುತ್ತದೆ. 24 ಗಂಟೆ ಕಳೆದರೂ ಕೋರ್ಟಿಗೆ ಹಾಜರುಪಡಿಸದೆ, ಎಲ್ಲಿದ್ದಾರೆಂದೂ ಹೇಳದೆ ಇದ್ದರೆ ವಕೀಲರು ಬೆಂಗಳೂರಿನ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ, ಅಂದರೆ ಬಂಧನದಲ್ಲಿರುವವರನ್ನು ಕೋರ್ಟಿನ ಮುಂದೆ ತರಿಸಿ ಎಂಬ ಅರ್ಜಿ ಹಾಕಬಹುದು. ಆಗ ಈ ಕರೆ, ಇಮೇಲ್, ದೃಶ್ಯ ಮೂರೂ ಕೈಗೆ ಬರುತ್ತವೆ.

ಮೊದಲ ದಿನದ ಕಾಗದಗಳು

ದಸ್ತಗಿರಿ ಮೆಮೊ ಕಲಂ 36ರ ಪ್ರಕಾರ ತಯಾರಾಗಬೇಕು. ಮನೆಯವರೊಬ್ಬರು ಅಥವಾ ಅರೆಸ್ಟ್ ನಡೆದ ಪ್ರದೇಶದ ಗೌರವಸ್ಥರೊಬ್ಬರು ಸಾಕ್ಷಿಯಾಗಿ ಸಹಿ ಹಾಕಬೇಕು. ಅರೆಸ್ಟ್ ಆದವರೂ ಸಹಿ ಹಾಕಬೇಕು. ಮನೆಯವರು ಸಾಕ್ಷಿ ಹಾಕದಿದ್ದ ಪಕ್ಷದಲ್ಲಿ, ನನ್ನ ಇಂಥ ಬಂಧುವಿಗೆ ಅಥವಾ ಸ್ನೇಹಿತರಿಗೆ ತಿಳಿಸಿ ಎಂದು ಹೇಳುವ ಹಕ್ಕು ಅವರಿಗಿದೆ ಎಂಬುದನ್ನು ಪೊಲೀಸರೇ ತಿಳಿಸಬೇಕು. ಮೆಮೊಗೆ ಸಹಿ ಹಾಕಲು ನಿಮ್ಮನ್ನು ಕರೆದರೆ ಮೊದಲು ಹೊತ್ತಿನ ಕಾಲಂ ನೋಡಿ. ಅದು ಖಾಲಿಯಿದ್ದರೆ ತುಂಬಿಸಿ ಎನ್ನಿ. ತಪ್ಪು ಹೊತ್ತು ಬರೆದಿದ್ದರೆ ಸಹಿಯ ಕೆಳಗೆ 'ಬೆಳಿಗ್ಗೆ 10 ಗಂಟೆಗೆ ಮನೆಯಿಂದ ಕರೆದೊಯ್ದಿದ್ದಾರೆ' ಎಂದು ನಿಮ್ಮ ಕೈಯಲ್ಲೇ ಬರೆದು ದಿನಾಂಕ ಹಾಕಿ. ಆ ಒಂದು ಸಾಲನ್ನು ಆಮೇಲೆ ಯಾರೂ ಅಲ್ಲಗಳೆಯಲಾಗದು.

ಎರಡನೆಯದು ಅರೆಸ್ಟಿನ ಕಾರಣಗಳ ಲಿಖಿತ ಪ್ರತಿ. ಹಿಂದೆ ಬಾಯಿಮಾತಿನಲ್ಲಿ ಹೇಳಿದೆವು ಎಂದರೆ ನಡೆಯುತ್ತಿತ್ತು. 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎಲ್ಲ ಅಪರಾಧಗಳಿಗೂ ಕಡ್ಡಾಯ ಮಾಡಿತು. ಕಾರಣಗಳನ್ನು ಬರವಣಿಗೆಯಲ್ಲಿ, ಅರೆಸ್ಟ್ ಆದವರಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕು. ಆ ಕ್ಷಣಕ್ಕೆ ಸಾಧ್ಯವಾಗದಿದ್ದರೆ ಬಾಯಲ್ಲಿ ಹೇಳಿ, ರಿಮ್ಯಾಂಡಿಗೆ ಹಾಜರುಪಡಿಸುವ ಕನಿಷ್ಠ ಎರಡು ಗಂಟೆ ಮೊದಲಾದರೂ ಲಿಖಿತವಾಗಿ ಕೊಡಬೇಕು. ಬರೀ ಸೆಕ್ಷನ್ ಸಂಖ್ಯೆ ಬರೆದ ಚೀಟಿ ಸಾಲದು, ಈ ವ್ಯಕ್ತಿಯ ಮೇಲಿನ ಆರೋಪದ ಮುಖ್ಯ ಸಂಗತಿಗಳು ಅದರಲ್ಲಿರಬೇಕು. ಕನ್ನಡ ಬಾರದ ಕೂಲಿಯವನಿಗೆ ಕನ್ನಡದಲ್ಲಿ ಕೊಟ್ಟರೂ, ಇಂಗ್ಲಿಷ್ ಬಾರದ ರೈತನಿಗೆ ಇಂಗ್ಲಿಷಿನಲ್ಲಿ ಕೊಟ್ಟರೂ ಅದು ದೋಷವೇ. ವಕೀಲರು ರಿಮ್ಯಾಂಡ್ ಹೊತ್ತಿನಲ್ಲಿ ಎತ್ತುವ ಮೊದಲ ಮಾತೇ ಇದಾಗಿರಬೇಕು.

ಮೂರನೆಯದು ವೈದ್ಯಕೀಯ ತಪಾಸಣೆಯ ವರದಿ. ಕಲಂ 53ರಂತೆ ಅರೆಸ್ಟ್ ಆದ ಬಳಿಕ ಬೇಗನೆ ತಪಾಸಣೆ ಆಗಬೇಕು. ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆ, ಮಂಡ್ಯದಲ್ಲಿ ಮಿಮ್ಸ್, ತಾಲ್ಲೂಕುಗಳಲ್ಲಿ ಸರ್ಕಾರಿ ಆಸ್ಪತ್ರೆ. ಹೆಂಗಸರ ತಪಾಸಣೆಯನ್ನು ಮಹಿಳಾ ವೈದ್ಯರೇ ಮಾಡಬೇಕು ಅಥವಾ ಅವರ ಮೇಲ್ವಿಚಾರಣೆಯಲ್ಲಿ ಆಗಬೇಕು. ಗಾಯ ಇದ್ದರೆ ಎಲ್ಲಿ, ಎಂಥದ್ದು, ಸುಮಾರು ಯಾವ ಹೊತ್ತಿಗೆ ಆದದ್ದು ಎಂದು ವೈದ್ಯರು ಬರೆಯಬೇಕು, ಪ್ರತಿಯನ್ನು ಅರೆಸ್ಟ್ ಆದವರಿಗೆ ಅಥವಾ ಅವರು ಹೇಳಿದವರಿಗೆ ಕೊಡಬೇಕು. ಇಲ್ಲಿ ಎಡವಟ್ಟಾಗುವುದು ಹೇಗೆಂದರೆ, ಪಕ್ಕದಲ್ಲಿ ಪೊಲೀಸರು ನಿಂತಿರುವಾಗ 'ಏನಾದ್ರೂ ನೋವಿದೆಯಾ' ಎಂದು ಕೇಳಿದ ವೈದ್ಯರಿಗೆ ಹುಡುಗ ಹೆದರಿ 'ಇಲ್ಲ' ಎನ್ನುತ್ತಾನೆ. ಚೀಟಿಯಲ್ಲಿ 'ಗಾಯವಿಲ್ಲ' ಎಂದು ಬೀಳುತ್ತದೆ. ಆಮೇಲೆ ಬೆನ್ನಿನ ಬಾಸುಂಡೆ ತೋರಿಸಿದರೆ ಅದು ಯಾವಾಗ ಆದದ್ದು ಎಂಬ ಪ್ರಶ್ನೆ ಏಳುತ್ತದೆ. ವಕೀಲರು ಭೇಟಿಯಾದ ಕೂಡಲೇ ಈ ಮಾತನ್ನು ಹೇಳಿಕೊಡಬೇಕು: ವೈದ್ಯರ ಮುಂದೆ ಹೇಳು, ಅಲ್ಲಿ ಹೇಳಲಾಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹೇಳು.

ಜೇಬಿನಲ್ಲಿದ್ದ ವಸ್ತುಗಳಿಗೆ ಕಲಂ 49ರ ರಶೀದಿ ಇರಬೇಕು. ಪರ್ಸು, ಉಂಗುರ, ಬೆಲ್ಟು, ದುಡ್ಡು ಎಲ್ಲ ಅದರಲ್ಲಿ ಬರಬೇಕು. ಫೋನನ್ನು ಸಾಕ್ಷ್ಯವಾಗಿ ವಶಪಡಿಸಿಕೊಂಡರೆ ಅದು ಮಹಜರಿನಲ್ಲಿ ಬರುತ್ತದೆ. ಐಎಂಇಐ ಸಂಖ್ಯೆ, ಸಿಮ್, ಗಾಜು ಒಡೆದಿದೆಯೋ ಇಲ್ಲವೋ ಎಂಬುದನ್ನು ಬರೆಸಿ. ಶೋಧ ಮತ್ತು ವಶಪಡಿಸಿಕೊಳ್ಳುವ ಪ್ರಕ್ರಿಯೆಯನ್ನು ವಿಡಿಯೊ ಮಾಡಬೇಕೆಂದು ಕಲಂ 105 ಹೇಳುತ್ತದೆ. ವಿಡಿಯೊ ಇಲ್ಲದ ಮಹಜರನ್ನು ವಕೀಲರು ಪ್ರಶ್ನಿಸಲು ಅವಕಾಶವಿದೆ.

ಒಳಗಿರುವವರಿಗೆ ಬಿಪಿ, ಸಕ್ಕರೆ ಕಾಯಿಲೆ, ಮೂರ್ಛೆರೋಗ ಇದ್ದರೆ ಮಾತ್ರೆಯ ಜೊತೆ ವೈದ್ಯರ ಚೀಟಿಯ ಜೆರಾಕ್ಸ್ ಕೊಡಿ. ಮಾತ್ರೆ ಕೊಟ್ಟ ಬಗ್ಗೆ ಠಾಣಾ ದಿನಚರಿಯಲ್ಲಿ ನಮೂದಿಸಿ ಎಂದು ಕೇಳಿ. ಚೀಟಿಯಿಲ್ಲದ ಬಿಡಿ ಮಾತ್ರೆಯನ್ನು ಸೆಂಟ್ರಿ ಒಳಗೆ ಬಿಡುವುದಿಲ್ಲ, ಬಿಡಬಾರದು ಕೂಡ.

ಹೆಂಗಸರನ್ನು ಸೂರ್ಯಾಸ್ತದ ಬಳಿಕ, ಸೂರ್ಯೋದಯಕ್ಕೆ ಮುನ್ನ ಅರೆಸ್ಟ್ ಮಾಡುವಂತಿಲ್ಲ. ತೀರಾ ಅಸಾಧಾರಣ ಸಂದರ್ಭವಿದ್ದರೆ ಮಹಿಳಾ ಅಧಿಕಾರಿ ಲಿಖಿತ ವರದಿ ಕೊಟ್ಟು ಮ್ಯಾಜಿಸ್ಟ್ರೇಟರ ಪೂರ್ವಾನುಮತಿ ಪಡೆಯಬೇಕು. ಹದಿನೆಂಟರ ಒಳಗಿನವರನ್ನು ಲಾಕಪ್ಪಿಗೆ ಹಾಕುವಂತೆಯೇ ಇಲ್ಲ, 24 ಗಂಟೆಯೊಳಗೆ ಬಾಲನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಹುಡುಗನ ವಯಸ್ಸು ಹದಿನೇಳಾಗಿದ್ದು ಪೊಲೀಸರು ಹತ್ತೊಂಬತ್ತು ಎಂದು ಬರೆದುಕೊಂಡಿದ್ದರೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನು ಅಂದೇ ತಲುಪಿಸಿ. ಕೋಳ ತೊಡಿಸುವುದಕ್ಕೂ ಮಿತಿಯಿದೆ. ಪದೇ ಪದೇ ಅಪರಾಧ ಮಾಡುವವರು, ತಪ್ಪಿಸಿಕೊಂಡು ಹೋಗಿದ್ದವರು, ಕೊಲೆ, ಅತ್ಯಾಚಾರ, ಭಯೋತ್ಪಾದನೆ, ಮಾದಕವಸ್ತುವಿನಂಥ ಕೆಲವು ಅಪರಾಧಗಳಿಗೆ ಮಾತ್ರ ಕಲಂ 43(3) ಅವಕಾಶ ಕೊಡುತ್ತದೆ. 2022ರಲ್ಲಿ ನಮ್ಮ ಹೈಕೋರ್ಟಿನ ಧಾರವಾಡ ಪೀಠ, ಕಾರಣವಿಲ್ಲದೆ ಕೋಳ ತೊಡಿಸಿದ ಪ್ರಕರಣವೊಂದರಲ್ಲಿ 2 ಲಕ್ಷ ರೂಪಾಯಿ ಪರಿಹಾರ ಕೊಡಿಸಿದೆ.

ಹೇಳಿಕೆ ಮತ್ತು ಸಹಿ

ವಿಚಾರಣೆಯ ಹೊತ್ತಿನಲ್ಲಿ ವಕೀಲರನ್ನು ಭೇಟಿಯಾಗುವ ಹಕ್ಕು ಕಲಂ 38ರಲ್ಲಿದೆ. ವಿಚಾರಣೆ ಮುಗಿಯುವ ತನಕ ಪಕ್ಕದಲ್ಲೇ ಕೂರುವ ಹಕ್ಕಲ್ಲ ಅದು, ನಡುವೆ ಭೇಟಿಯಾಗಿ ಮಾತನಾಡುವ ಹಕ್ಕು. ಪೊಲೀಸರು ಬರೆದುಕೊಳ್ಳುವ ಸಾಕ್ಷಿ ಹೇಳಿಕೆಗೆ ಸಹಿ ಹಾಕಬೇಕಾಗಿಲ್ಲ. ಆರೋಪಿಯಿಂದ ಪಡೆಯುವ 'ಸ್ವಇಚ್ಛಾ ಹೇಳಿಕೆ'ಯಲ್ಲಿ ತಪ್ಪೊಪ್ಪಿಗೆ ಇದ್ದರೂ ಅದನ್ನು ಆತನ ವಿರುದ್ಧ ರುಜುವಾತಿಗೆ ಬಳಸಲು ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 23 ಬಿಡುವುದಿಲ್ಲ. ಆದರೆ ಆ ಹೇಳಿಕೆಯಿಂದ ಒಂದು ವಸ್ತು ಪತ್ತೆಯಾದರೆ, ಉದಾಹರಣೆಗೆ ಬಚ್ಚಿಟ್ಟ ಸರ ಸಿಕ್ಕರೆ, ಆ ಪತ್ತೆಗೆ ಸಂಬಂಧಿಸಿದಷ್ಟು ಮಾತು ಸಾಕ್ಷ್ಯವಾಗುತ್ತದೆ. ಹಾಗಾಗಿ 'ಪೊಲೀಸರ ಮುಂದೆ ಹೇಳಿದ್ದೇನೂ ನಿಲ್ಲೋದಿಲ್ಲ' ಎಂಬ ಕಟ್ಟೆ ಪಂಚಾಯ್ತಿಯ ಮಾತು ಅರ್ಧ ಮಾತ್ರ ನಿಜ. ಖಾಲಿ ಹಾಳೆಗೆ ಸಹಿ, ಹೆಬ್ಬೆಟ್ಟು ಎರಡೂ ಕೂಡದು. ಈ ವಿಷಯದಲ್ಲಿ ಯಾರ ಸಮಾಧಾನದ ಮಾತನ್ನೂ ನಂಬಬೇಡಿ.

ಎಫ್‌ಐಆರ್ ಎಲ್ಲಿ ಸಿಗುತ್ತದೆ

ದೂರುದಾರರಿಗೆ ಎಫ್‌ಐಆರ್ ಪ್ರತಿ ಉಚಿತ. ಆರೋಪಿಯ ಕಡೆಯವರು ಠಾಣೆಗೆ ಅರ್ಜಿ ಕೊಟ್ಟು ಕೇಳಬಹುದು, ಕೋರ್ಟಿನಿಂದ ದೃಢೀಕೃತ ನಕಲನ್ನೂ ಪಡೆಯಬಹುದು. 2016ರ ಸುಪ್ರೀಂ ಕೋರ್ಟ್ ನಿರ್ದೇಶನದಂತೆ, ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು ಉಳಿದ ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ ಜಾಲತಾಣಕ್ಕೆ ಹಾಕಬೇಕು. ಕರ್ನಾಟಕ ರಾಜ್ಯ ಪೊಲೀಸ್ ಜಾಲತಾಣದಲ್ಲಿ ಜಿಲ್ಲೆ, ಠಾಣೆ, ಕ್ರೈಂ ನಂಬರ್, ವರ್ಷ ಕೊಟ್ಟು ಹುಡುಕಬೇಕು. ಮೈಸೂರು ನಗರ ಮತ್ತು ಮೈಸೂರು ಜಿಲ್ಲೆ ಬೇರೆ ಬೇರೆ ಘಟಕ ಎಂಬುದನ್ನು ಇಲ್ಲೂ ನೆನಪಿಡಿ. ಲೈಂಗಿಕ ಅಪರಾಧ, ಪೋಕ್ಸೊ ಪ್ರಕರಣಗಳು ಅಲ್ಲಿ ಸಿಗುವುದಿಲ್ಲ.

ಎಫ್‌ಐಆರ್ ಕೈಗೆ ಬಂದ ಮೇಲೆ ಸೆಕ್ಷನ್ ಜಾಮೀನು ನೀಡಬಹುದಾದದ್ದೋ ಅಲ್ಲವೋ ನೋಡಿ. ಬೆಂಗಳೂರು ಮೈಸೂರು ಹೆದ್ದಾರಿಯಲ್ಲಿ ಅಪಘಾತವಾಗಿ ಒಬ್ಬರು ತೀರಿಕೊಂಡಿದ್ದಾರೆ, ಚಾಲಕನ ಮೇಲೆ ಬಿಎನ್‌ಎಸ್ 281 ಮತ್ತು 106(1) ಹಾಕಿದ್ದಾರೆ ಎನ್ನಿ. ಸಾವು ಸಂಭವಿಸಿದ್ದರೂ ಎರಡೂ ಜಾಮೀನು ಕೊಡಲೇಬೇಕಾದ ಅಪರಾಧಗಳು. ಠಾಣಾ ಜಾಮೀನಿನ ಮೇಲೆಯೇ ಬಿಡಬೇಕು, ಅದಕ್ಕೆ ಯಾರಿಗೂ ಕೈಬೆಚ್ಚಗೆ ಮಾಡಬೇಕಿಲ್ಲ. ಶ್ಯೂರಿಟಿ (ಜಾಮೀನುದಾರರನ್ನು) ಕೊಡಲಾಗದ ಬಡವರನ್ನು ವೈಯಕ್ತಿಕ ಮುಚ್ಚಳಿಕೆಯ ಮೇಲೆ ಬಿಡಬೇಕೆಂದು ಕಲಂ 478 ಹೇಳುತ್ತದೆ. ಅರೆಸ್ಟ್ ಆಗಿ ಒಂದು ವಾರವಾದರೂ ಜಾಮೀನುದಾರ ಸಿಗದವನನ್ನು ಬಡವನೆಂದೇ ಭಾವಿಸಬೇಕು.

ಮ್ಯಾಜಿಸ್ಟ್ರೇಟರ ಮುಂದೆ

ಪ್ರತಿ ಠಾಣೆಯೂ ಒಂದು ನಿರ್ದಿಷ್ಟ ಜೆಎಂಎಫ್‌ಸಿ (ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್) ನ್ಯಾಯಾಲಯಕ್ಕೆ ಸೇರಿರುತ್ತದೆ. ಮೈಸೂರಿನಲ್ಲಿ ಕೃಷ್ಣರಾಜ ಬುಲೆವಾರ್ಡ್‌ನ ಹಳೆಯ ಸಂಕೀರ್ಣವೂ ಮಳಲವಾಡಿಯ ಹೊಸ ಸಂಕೀರ್ಣವೂ ಇರುವುದರಿಂದ ಯಾವ ಕಟ್ಟಡ ಎಂದು ಐಒ ಹತ್ತಿರ ಕೇಳಿಯೇ ಹೊರಡಿ. ರಜೆಯ ದಿನ ಅಥವಾ ರಾತ್ರಿಯಾದರೆ ಮ್ಯಾಜಿಸ್ಟ್ರೇಟರ ನಿವಾಸದಲ್ಲಿ ಹಾಜರುಪಡಿಸುತ್ತಾರೆ. ಶನಿವಾರ ಸಂಜೆಯ ಅರೆಸ್ಟಿಗೆ ವಕೀಲರು ಸಿಗದೆ ಒದ್ದಾಡುವುದು ಇದಕ್ಕೇ. ಕಸ್ಟಡಿಯಲ್ಲಿರುವ ಯಾರಿಗೇ ಆಗಲಿ, ಆದಾಯ ಎಷ್ಟೇ ಇರಲಿ, ಉಚಿತ ವಕೀಲರು ಸಿಗಬೇಕು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಜಿಲ್ಲಾ ನ್ಯಾಯಾಲಯದಲ್ಲಿದೆ, ತಾಲ್ಲೂಕು ಕೋರ್ಟುಗಳಲ್ಲಿ ತಾಲ್ಲೂಕು ಸಮಿತಿಗಳಿವೆ, ಸಹಾಯವಾಣಿ 15100.

ಮೊದಲ ಹಾಜರಾತಿ ಕೆಲವೊಮ್ಮೆ ಐದೇ ನಿಮಿಷದಲ್ಲಿ ಮುಗಿಯುತ್ತದೆ. ಪೊಲೀಸರಿಂದ ತೊಂದರೆಯಾಯಿತೇ ಎಂದು ಮ್ಯಾಜಿಸ್ಟ್ರೇಟರು ಕೇಳುತ್ತಾರೆ. ಹೊಡೆದಿದ್ದರೆ, 24 ಗಂಟೆ ಮೀರಿದ್ದರೆ, ಕಾರಣಗಳ ಪ್ರತಿ ಕೊಡದಿದ್ದರೆ ಆಗಲೇ ಹೇಳಬೇಕು. ಬಿಡುಗಡೆ ಮಾಡದಿದ್ದರೆ ಆಮೇಲಿನ ಆದೇಶ ಎರಡರಲ್ಲಿ ಒಂದು: ಪೊಲೀಸ್ ಕಸ್ಟಡಿ ಅಥವಾ ನ್ಯಾಯಾಂಗ ಬಂಧನ. ನ್ಯಾಯಾಂಗ ಬಂಧನವಾದರೆ ಮೈಸೂರಿನ ಕೇಂದ್ರ ಕಾರಾಗೃಹ ಅಥವಾ ಮಂಡ್ಯದ ಜಿಲ್ಲಾ ಕಾರಾಗೃಹಕ್ಕೆ ಹೋಗುವುದೇ ಹೆಚ್ಚು. ಭೇಟಿಗೆ ಇ-ಮುಲಾಕಾತ್ ಜಾಲತಾಣದಲ್ಲಿ ಹೆಸರು ನೋಂದಾಯಿಸಿ, ಆಧಾರ್ ಹಿಡಿದು ಹೋಗಿ.

ಪೊಲೀಸ್ ಕಸ್ಟಡಿ ಒಟ್ಟು 15 ದಿನ ಮೀರುವಂತಿಲ್ಲ. ಹಿಂದೆ ಅದು ಮೊದಲ 15 ದಿನಗಳೊಳಗೇ ಮುಗಿಯಬೇಕಿತ್ತು. ಈಗ ಕಲಂ 187ರ ಪ್ರಕಾರ ಆ 15 ದಿನಗಳನ್ನು, ಅಪರಾಧದ ಶಿಕ್ಷೆ ಎಷ್ಟೆಂಬುದರ ಮೇಲೆ, ಮೊದಲ 40 ಅಥವಾ 60 ದಿನಗಳಲ್ಲಿ ಬಿಡಿಬಿಡಿಯಾಗಿ ಕೇಳಬಹುದು. ಜೈಲಿಗೆ ಹೋದವನನ್ನು ತಿಂಗಳಾದ ಮೇಲೆ ಮತ್ತೆ ಠಾಣೆಗೆ ಕರೆತಂದರೆ ಅದು ಈ ಕಾರಣಕ್ಕೆ. ಆದರೆ ಮುಂದೆ ಕಸ್ಟಡಿ ಬೇಕಾಗಬಹುದು ಎಂಬುದೊಂದನ್ನೇ ಹಿಡಿದು ಜಾಮೀನು ನಿರಾಕರಿಸುವಂತಿಲ್ಲ ಎಂದು ಕಲಂ 480 ಸ್ಪಷ್ಟಪಡಿಸಿದೆ. ಪೊಲೀಸ್ ಕಸ್ಟಡಿ ಎಂದರೆ ಪೊಲೀಸ್ ಠಾಣೆಯೇ. ಲಾಡ್ಜು, ತೋಟದ ಮನೆ, ಅತಿಥಿಗೃಹಗಳಲ್ಲಿ ಇಡುವಂತಿಲ್ಲ, ಕಾನೂನಿನಲ್ಲೇ ಹಾಗೆ ಬರೆದಿದೆ.

ತನಿಖೆ ಮುಗಿಸಿ ದೋಷಾರೋಪ ಪಟ್ಟಿ ಸಲ್ಲಿಸಲು 60 ದಿನ, ಮರಣದಂಡನೆ, ಜೀವಾವಧಿ ಅಥವಾ ಹತ್ತು ವರ್ಷ ಮತ್ತು ಅದಕ್ಕೂ ಹೆಚ್ಚಿನ ಶಿಕ್ಷೆಯ ಅಪರಾಧವಾದರೆ 90 ದಿನ. ಅಷ್ಟರಲ್ಲಿ ಸಲ್ಲಿಸದಿದ್ದರೆ ಜಾಮೀನು ಹಕ್ಕಾಗಿ ಸಿಗುತ್ತದೆ. ಲೆಕ್ಕ ಶುರುವಾಗುವುದು ಅರೆಸ್ಟ್ ಆದ ದಿನದಿಂದ ಅಲ್ಲ, ಮೊದಲ ರಿಮ್ಯಾಂಡ್ ಆದ ದಿನದಿಂದ, ಆ ದಿನವೂ ಸೇರಿ. ಆ ದಿನ ತಾನಾಗಿಯೇ ಯಾರೂ ಬಿಡುವುದಿಲ್ಲ, ಅರ್ಜಿ ಹಾಕಲೇಬೇಕು. 61ನೇ ದಿನ ಬೆಳಿಗ್ಗೆ ಅರ್ಜಿ ಹಾಕದೆ ಮಧ್ಯಾಹ್ನದವರೆಗೆ ಕಾದರೆ ಅಷ್ಟರಲ್ಲಿ ದೋಷಾರೋಪ ಪಟ್ಟಿ ಬಂದು ಹಕ್ಕು ಕೈತಪ್ಪಬಹುದು. ತಾರೀಖನ್ನು ಮೊದಲ ದಿನವೇ ಕ್ಯಾಲೆಂಡರಿನಲ್ಲಿ ಗುರುತು ಮಾಡಿ, ವಕೀಲರಿಗೂ ನೆನಪಿಸಿ.

ಜಾಮೀನು ಸಿಕ್ಕರೂ ಹೊರಗೆ ಬರದ ಕಾರಣ

ಆದೇಶ ಸಿಕ್ಕ ದಿನವೇ ಮಗ ಮನೆಗೆ ಬರುತ್ತಾನೆಂದು ಕಾದು ಕುಳಿತ ಎಷ್ಟೋ ತಾಯಂದಿರು ವಾರಗಟ್ಟಲೆ ಕಾದಿದ್ದಾರೆ. ಕಾರಣ ಶ್ಯೂರಿಟಿ. ನಮ್ಮ ಭಾಗದ ಕೋರ್ಟುಗಳಲ್ಲಿ ಸಾಮಾನ್ಯವಾಗಿ ಜಮೀನಿನ ಪಹಣಿ ಇರುವವರನ್ನು ಕೇಳುತ್ತಾರೆ, ಪಟ್ಟಣದವರಾದರೆ ಖಾತೆ ಮತ್ತು ಕಂದಾಯ ರಶೀದಿ. ಹೊಸದಾಗಿ ತೆಗೆಸಿದ ಪಹಣಿ, ಆಧಾರ್, ಫೋಟೊ, ಪ್ರಮಾಣಪತ್ರ ಬೇಕು. ಅಡ್ಡಿಯಾಗುವುದು ಇಲ್ಲಿ: ತಾತ ತೀರಿಕೊಂಡು ವರ್ಷಗಳಾದರೂ ಪೌತಿ ಖಾತೆ (ವಾರಸುದಾರರ ಹೆಸರಿಗೆ ವರ್ಗಾವಣೆ) ಆಗಿರುವುದಿಲ್ಲ, ಪಹಣಿ ತಾತನ ಹೆಸರಿನಲ್ಲೇ ಇರುತ್ತದೆ. ಅಥವಾ ಅಣ್ಣತಮ್ಮಂದಿರ ಜಂಟಿ ಖಾತೆ. ಇಲ್ಲವೇ ಪಹಣಿಯಲ್ಲಿ 'ಸಿದ್ದೇಗೌಡ', ಆಧಾರ್‌ನಲ್ಲಿ 'ಸಿದ್ದಪ್ಪ'. ಆದೇಶ ಬರುವ ಮುಂಚೆಯೇ ಒಂಟಿ ಹೆಸರಿನ, ಹೆಸರು ತಾಳೆಯಾಗುವ ಪಹಣಿ ಇರುವ ಇಬ್ಬರನ್ನು ನೋಡಿಟ್ಟುಕೊಳ್ಳಿ. ಶ್ಯೂರಿಟಿ ಕೊಡುವವರು ಈಗಾಗಲೇ ಎಷ್ಟು ಜನಕ್ಕೆ ಜಾಮೀನು ನಿಂತಿದ್ದಾರೆಂದೂ ಪ್ರಮಾಣ ಮಾಡಿ ಹೇಳಬೇಕು. ಕೋರ್ಟ್ ಆವರಣದಲ್ಲಿ ದುಡ್ಡಿಗೆ ಸಿಗುವ ಶ್ಯೂರಿಟಿಗಳನ್ನು ಮುಟ್ಟಬೇಡಿ. ನಕಲಿ ಪಹಣಿ ಎಂದು ಗೊತ್ತಾದರೆ ಜಾಮೀನೂ ಹೋಗುತ್ತದೆ, ಹೊಸ ಕೇಸೂ ಬೀಳುತ್ತದೆ.

ನಿಜಕ್ಕೂ ಯಾರೂ ಇಲ್ಲದಿದ್ದರೆ ಶ್ಯೂರಿಟಿ ಬದಲು ನಗದು ಭದ್ರತೆಗೆ ಅವಕಾಶ ಕೊಡಿ ಎಂದು ಅರ್ಜಿ ಹಾಕಬಹುದು. ಆದೇಶವಾಗಿ ಏಳು ದಿನವಾದರೂ ಬಿಡುಗಡೆಯಾಗದಿದ್ದರೆ ಜೈಲು ಅಧೀಕ್ಷಕರು ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು, ಒಂದು ತಿಂಗಳಾದರೂ ಬಾಂಡ್ ಕೊಡಲಾಗದಿದ್ದರೆ ಷರತ್ತು ಸಡಿಲಿಸುವುದನ್ನು ಕೋರ್ಟೇ ಪರಿಶೀಲಿಸಬಹುದು ಎಂದು ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲಿ ನಿರ್ದೇಶಿಸಿದೆ. ಶ್ಯೂರಿಟಿ ಒಪ್ಪಿತವಾದ ಮೇಲೂ ಬಿಡುಗಡೆ ಆದೇಶ ಜೈಲು ತಲುಪಬೇಕು. ಸಂಜೆ ತಡವಾಗಿ ತಲುಪಿದರೆ ಮರುದಿನ ಬೆಳಿಗ್ಗೆಯೇ. ಇನ್ನೊಂದು ಕೇಸಿನಲ್ಲಿ ಬಾಡಿ ವಾರಂಟ್ (ಜೈಲಿನಲ್ಲಿರುವವರನ್ನು ಹಾಜರುಪಡಿಸಲು ಕೋರ್ಟ್ ಹೊರಡಿಸುವ ಆದೇಶ) ಬಾಕಿಯಿದ್ದರೆ ಗೇಟಿನಿಂದಲೇ ಮತ್ತೆ ಒಳಗೆ. ಇದನ್ನು ವಕೀಲರು ಮೊದಲೇ ವಿಚಾರಿಸಿರಬೇಕು.

ಪೊಲೀಸರ ಮೇಲೆ ದೂರಿದ್ದರೆ

ಠಾಣೆಯ ಪ್ರವೇಶದ್ವಾರ, ಲಾಕಪ್, ಪಡಸಾಲೆ, ಇನ್‌ಸ್ಪೆಕ್ಟರ್ ಕೊಠಡಿಗಳಲ್ಲೂ ಸಿಸಿಟಿವಿ ಇರಬೇಕು, ದೃಶ್ಯವನ್ನು 18 ತಿಂಗಳು, ಆಗದಿದ್ದರೆ ಕನಿಷ್ಠ ಒಂದು ವರ್ಷ ಕಾಪಾಡಬೇಕು ಎಂದು ಸುಪ್ರೀಂ ಕೋರ್ಟ್ 2020ರ ಡಿಸೆಂಬರಿನಲ್ಲಿ ಆದೇಶಿಸಿದೆ. 'ಕ್ಯಾಮೆರಾ ಕೆಟ್ಟಿತ್ತು' ಎಂಬ ಉತ್ತರ ಬರುವ ಮುನ್ನವೇ, ಅಂದರೆ ಮೊದಲ ವಾರದಲ್ಲೇ, ಇಂಥ ದಿನ ಇಷ್ಟರಿಂದ ಇಷ್ಟು ಗಂಟೆಯ ದೃಶ್ಯ ಕಾಪಾಡಿ ಎಂದು ಎಸ್‌ಪಿ ಅಥವಾ ಕಮಿಷನರ್ ಕಚೇರಿಗೆ ಲಿಖಿತ ಅರ್ಜಿ ಕೊಟ್ಟು ಮೊಹರು ಹಾಕಿಸಿಕೊಳ್ಳಿ, ಮ್ಯಾಜಿಸ್ಟ್ರೇಟರ ಮುಂದೆಯೂ ಅರ್ಜಿ ಹಾಕಿಸಿ. ರಾಜ್ಯ ಪೊಲೀಸ್ ದೂರು ಪ್ರಾಧಿಕಾರ ಮತ್ತು ಮಾನವ ಹಕ್ಕುಗಳ ಆಯೋಗಕ್ಕೂ ದೂರು ಕೊಡಬಹುದು. ಆಯೋಗಕ್ಕೆ ಘಟನೆಯಾದ ಒಂದು ವರ್ಷದೊಳಗೆ ಕೊಡಬೇಕು. ಲಂಚ ಕೇಳಿದ್ದರೆ ಲೋಕಾಯುಕ್ತ ಪೊಲೀಸರಿದ್ದಾರೆ. ದುಡ್ಡು ಕೊಡುವ ಮೊದಲೇ ಹೋಗಿ.

ಆಮೇಲೆ

ಬಿಡುಗಡೆಯಾದವರು ಜಾಮೀನು ಆದೇಶದ ಷರತ್ತುಗಳನ್ನು ಕನ್ನಡದಲ್ಲಿ ಬರೆಸಿಕೊಂಡು ಇಟ್ಟುಕೊಳ್ಳಬೇಕು. ಭಾನುವಾರ ಠಾಣೆಗೆ ಬಂದು ಸಹಿ ಹಾಕು ಎಂದಿದ್ದರೆ ರಿಜಿಸ್ಟರಿನ ಆ ಪುಟದ ಫೋಟೊ ತೆಗೆಯಲು ಅನುಮತಿ ಕೇಳಿ, ಕೊಡದಿದ್ದರೆ ದಿನಾಂಕ, ಹೊತ್ತು, ಸಹಿ ಹಾಕಿಸಿದವರ ಹೆಸರು ಬರೆದಿಡಿ. ಜಿಲ್ಲೆ ಬಿಟ್ಟು ಹೋಗಬಾರದು ಎಂಬ ಷರತ್ತಿದ್ದರೆ ಮೈಸೂರಿನಿಂದ ಶ್ರೀರಂಗಪಟ್ಟಣಕ್ಕೆ ಕೆಲಸಕ್ಕೆ ಹೋಗುವುದೂ ಉಲ್ಲಂಘನೆ. ದಿನಗೂಲಿ ಮಾಡುವವರು ಇದನ್ನು ಮೊದಲೇ ಹೇಳಿ ಷರತ್ತು ಸಡಿಲಿಸಿಕೊಳ್ಳಬೇಕು. ವಶದಲ್ಲಿರುವ ಬೈಕು, ಫೋನನ್ನು ಕೇಸು ಮುಗಿಯುವ ತನಕ ಮನೆಯಲ್ಲಿಟ್ಟುಕೊಳ್ಳಲು ಮಧ್ಯಂತರ ಸುಪರ್ದಿಗೆ ಅರ್ಜಿ ಹಾಕಬಹುದು. ಠಾಣೆಯ ಅಂಗಳದಲ್ಲಿ ಮಳೆ ಬಿಸಿಲಿಗೆ ಬೈಕು ತುಕ್ಕು ಹಿಡಿಯಲು ಬಿಡಬೇಕಿಲ್ಲ. ಆರ್‌ಸಿ, ವಿಮೆ ಚಾಲ್ತಿಯಲ್ಲಿರಬೇಕು ಅಷ್ಟೆ.

ದೋಷಾರೋಪ ಪಟ್ಟಿ ಸಲ್ಲಿಕೆಯಾದ ಮೇಲೆ ಕ್ರೈಂ ನಂಬರ್ ಜೊತೆಗೆ ಕೋರ್ಟಿನ ಸಿಸಿ ನಂಬರ್ (ಕೇಸಿನ ಸಂಖ್ಯೆ) ಬೀಳುತ್ತದೆ. ಆರೋಪಿ ಹಾಜರಾದ 14 ದಿನಗಳೊಳಗೆ ಪೊಲೀಸ್ ವರದಿ, ಹೇಳಿಕೆಗಳ ಪ್ರತಿಗಳನ್ನು ಉಚಿತವಾಗಿ ಕೊಡಬೇಕೆಂದು ಕಲಂ 230 ಹೇಳುತ್ತದೆ. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಆ ಸಿಸಿ ನಂಬರ್ ಹಾಕಿದರೆ ಮುಂದಿನ ವಾಯಿದೆಯ ತಾರೀಖು ಸಿಗುತ್ತದೆ. ಬಾಡಿಗೆ ಮನೆ ಬದಲಾಯಿಸಿದವರು ಹೊಸ ವಿಳಾಸವನ್ನು ವಕೀಲರ ಮೂಲಕ ಕೋರ್ಟಿಗೆ ತಿಳಿಸಲೇಬೇಕು. ಇಲ್ಲದಿದ್ದರೆ ಸಮನ್ಸು ಹಳೆಯ ಬಾಗಿಲಿಗೆ ಹೋಗಿ 'ಆಸಾಮಿ ಇಲ್ಲ' ಎಂಬ ಷರಾ ಸಮೇತ ವಾಪಸಾಗುತ್ತದೆ, ಅದರ ಬೆನ್ನಲ್ಲೇ ಜಾಮೀನುರಹಿತ ವಾರಂಟ್ ಹೊರಡುತ್ತದೆ.